ಓದಿನ ಸಾಲ ತೀರಿಸುವುದೋ, ದುಡ್ಡು ಬೆಳೆಸುವುದೋ?

ಹೆಗ್ಗೋಡು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅನೇಕ ಮನೆಗಳಲ್ಲಿ ಈಗ ನಡೆಯುತ್ತಿರುವ ಒಂದು ಚರ್ಚೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಮಗಳೋ ಮಗನೋ ಶಿಕ್ಷಣ ಸಾಲ ಪಡೆದು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು, ಬ್ಯಾಂಕಿನ ಕಂತನ್ನೂ ಕಟ್ಟಿದ ಮೇಲೆ ತಿಂಗಳ ಕೊನೆಗೆ ಒಂದಿಷ್ಟು ಹಣ ಉಳಿಯುತ್ತದೆ. ಐದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಆ ಐದು ಸಾವಿರವನ್ನು ಸಾಲಕ್ಕೇ ಹೆಚ್ಚಿಗೆ ಕಟ್ಟಿ ಬೇಗ ಕೈತೊಳೆದುಕೊಳ್ಳುವುದೋ? ಅಥವಾ ಸಾಲ ತನ್ನ ಪಾಡಿಗೆ ನಡೆಯಲಿ ಎಂದು ಬಿಟ್ಟು, ಉಳಿದದ್ದನ್ನು ಪಿಪಿಎಫ್‌ಗೋ ಮ್ಯೂಚುವಲ್ ಫಂಡಿಗೋ ಹಾಕುವುದೋ?

ಊರಿನಲ್ಲಿರುವ ತಂದೆಯದು ಒಂದು ಮಾತು. "ಸಾಲ ಅಂದ್ರೆ ಸಾಲ. ಮೊದಲು ಅದನ್ನ ತೀರಿಸಿಬಿಡು ಮಾರಾಯ್ತಿ, ಉಳಿದದ್ದೆಲ್ಲ ಆಮೇಲೆ." ಮಗಳದು ಇನ್ನೊಂದು. "ಅಪ್ಪಯ್ಯ, ಫಂಡಲ್ಲಿ ಹನ್ನೆರಡು ಪರ್ಸೆಂಟ್ ಬರ್ತದೆ. ಬ್ಯಾಂಕಿನವರು ತಗೊಳ್ಳೋದು ಹತ್ತು. ನಮಗೇ ಎರಡು ಉಳೀತಲ್ಲ?" ತಂದೆಯ ಮಾತಿನ ಹಿಂದೆ ಅನುಭವವಿದೆ, ಮಗಳ ಮಾತಿನ ಹಿಂದೆ ಲೆಕ್ಕವಿದೆ. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ತಂದೆಯ ದಾರಿಯೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಅದನ್ನು ಸಾಲದ ಭಯದಿಂದ ಒಪ್ಪುವುದು ಬೇಡ, ಲೆಕ್ಕ ಹಾಕಿ ಒಪ್ಪೋಣ. ಯಾವ ಸಾಲಕ್ಕೆ ಈ ಮಾತು ಹೊಂದುವುದಿಲ್ಲ ಎನ್ನುವುದನ್ನೂ ಬಿಡಿಸಿ ನೋಡೋಣ.

ಮಲೆನಾಡಿಗೆ ಓದು ಹೊಸದಲ್ಲ, ಓದಿಗಾಗಿ ಬ್ಯಾಂಕಿನ ಸಾಲ ಹೊಸದು. ವಾರಾನ್ನ ಉಂಡು ಓದಿದವರು, ನೆಂಟರ ಮನೆಯಲ್ಲಿದ್ದು ಓದಿದವರು ನಮ್ಮ ಹಿರಿಯರಲ್ಲಿ ಬೇಕಾದಷ್ಟು ಮಂದಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋಗಿ, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ವಿದ್ಯಾರ್ಥಿವೇತನ ಸಿಗದವರಿಗೆ, ಮನೆಯಲ್ಲಿ ಅನುಕೂಲ ಇಲ್ಲದವರಿಗೆ ದೊಡ್ಡ ಓದು ದೂರವೇ ಉಳಿಯುತ್ತಿತ್ತು. ಕೆನರಾ ಬ್ಯಾಂಕಿನ ಆಗಿನ ಅಧ್ಯಕ್ಷ ಆರ್.ಜೆ. ಕಾಮತ್ ಅವರ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ತಂದಿತು. ಅಲ್ಲಿಂದ ಮುಂದೆ ಅಡಿಕೆ ತೋಟದ ಮನೆಯ ಮಕ್ಕಳೂ, ಗೇಣಿ ಮಾಡಿದ ಕುಟುಂಬಗಳ ಮಕ್ಕಳೂ, ಪೇಟೆಯ ಸಣ್ಣ ಅಂಗಡಿಯವರ ಮಕ್ಕಳೂ ಎಂಜಿನಿಯರಿಂಗ್, ನರ್ಸಿಂಗ್, ಎಂಬಿಎ ಓದುವುದು ಸಾಧ್ಯವಾಯಿತು. ಆದ್ದರಿಂದ ಈ ಸಾಲವನ್ನು ದುಂದಿನ ಸಾಲದ ಸಾಲಿಗೆ ಸೇರಿಸಬೇಡಿ. ಇದು ದುಡಿಯುವ ಶಕ್ತಿಯನ್ನು ಕೊಟ್ಟ ಸಾಲ. ಸಾಲ ಮಾಡಿದ್ದಕ್ಕೆ ಮಕ್ಕಳು ತಲೆತಗ್ಗಿಸಬೇಕಾಗಿಲ್ಲ.

ಆದರೆ ಅದು ಹೇಗೆ ಬೆಳೆಯುತ್ತದೆ ಎನ್ನುವುದನ್ನು ತಿಳಿದಿರಲೇಬೇಕು. ಒಂದು ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಹೆಗ್ಗೋಡಿನ ಆಸುಪಾಸಿನ ಒಬ್ಬ ಹುಡುಗಿ ನಾಲ್ಕು ವರ್ಷದ ಎಂಜಿನಿಯರಿಂಗಿಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ ರೂಪಾಯಿ ಸಾಲ ಪಡೆದಳು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಬಡ್ಡಿ ಶೇಕಡಾ 10. ಓದುವ ನಾಲ್ಕು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಅನೇಕರು ಈ ಐದು ವರ್ಷ ಬಡ್ಡಿಯೂ ಇಲ್ಲ ಎಂದೇ ತಿಳಿದಿರುತ್ತಾರೆ. ಹಾಗಲ್ಲ. ಕಂತಿಗೆ ಮಾತ್ರ ಬಿಡುವು, ಬಡ್ಡಿಗೆ ಬಿಡುವಿಲ್ಲ. ಮೊದಲ ವರ್ಷದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 75 ಸಾವಿರ. ಎರಡನೆಯ ವರ್ಷದ್ದಕ್ಕೆ 60 ಸಾವಿರ, ಮೂರನೆಯದಕ್ಕೆ 45 ಸಾವಿರ, ನಾಲ್ಕನೆಯದಕ್ಕೆ 30 ಸಾವಿರ. ಒಟ್ಟು 2 ಲಕ್ಷ 10 ಸಾವಿರ. ಕಂತು ಶುರುವಾಗುವ ದಿನ ಅದು ಅಸಲಿಗೆ ಸೇರುತ್ತದೆ. ಅವಳು ಪಡೆದದ್ದು 6 ಲಕ್ಷ, ತೀರಿಸಲು ಹೊರಟಾಗ ಪಾಸ್‌ಬುಕ್ಕಿನಲ್ಲಿ ಇರುವುದು 8 ಲಕ್ಷ 10 ಸಾವಿರ.

ಮಕ್ಕಳು ಇನ್ನೂ ಓದುತ್ತಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಿ. ಆ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಮೊದಲ ವರ್ಷ ತಿಂಗಳಿಗೆ ಬೇಕಾಗುವುದು 1,250 ರೂಪಾಯಿ, ಎರಡನೆಯ ವರ್ಷ 2,500. ಬಿಡುವಿನ ಅವಧಿಯಲ್ಲೇ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇಕಡಾ ಒಂದರವರೆಗೆ ರಿಯಾಯಿತಿ ಕೊಡುವ ಅವಕಾಶವೂ ಯೋಜನೆಯಲ್ಲಿದೆ. ದಿನದ ಲೆಕ್ಕದಲ್ಲಿ ಕೂಡಿಡುವುದು ನಮ್ಮ ಕರಾವಳಿ, ಮಲೆನಾಡಿನವರಿಗೆ ಹೊಸ ಪಾಠವಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿದ್ದು ಇಂಥ ಮನೆಗಳನ್ನು ನಂಬಿಯೇ. ಪೂರ್ತಿ ಬಡ್ಡಿ ಕಟ್ಟಲು ಆಗದಿದ್ದರೆ ಅರ್ಧವನ್ನಾದರೂ ಕಟ್ಟಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಓದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಾಗಿದ್ದರೆ ಬಿಡುವಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಓದುವ, ಕುಟುಂಬದ ಆದಾಯ 8 ಲಕ್ಷದೊಳಗಿನ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ಸಹಾಯವಿದೆ. ಸಾಲಕ್ಕೆ ಅರ್ಜಿ ಹಾಕುವ ದಿನವೇ ಇವೆರಡರ ಬಗ್ಗೆ ಬ್ಯಾಂಕಿನಲ್ಲಿ ಕೇಳಿ, ಆದಾಯ ಪ್ರಮಾಣಪತ್ರ ಒದಗಿಸಿ.

ಈಗ ಮೂಲ ಪ್ರಶ್ನೆಗೆ ಬರೋಣ. 8 ಲಕ್ಷ 10 ಸಾವಿರ ಸಾಲ, ಶೇಕಡಾ 10 ಬಡ್ಡಿ, 15 ವರ್ಷದ ಅವಧಿ. ಕಂತು ತಿಂಗಳಿಗೆ ಸುಮಾರು 8,704 ರೂಪಾಯಿ. ಮೊದಲನೆಯ ಕಂತಿನಲ್ಲಿ 6,750 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,954 ಮಾತ್ರ. ಹೀಗೇ 15 ವರ್ಷ ಕಟ್ಟಿದರೆ ಬಡ್ಡಿಯ ಬಾಬ್ತು ಒಟ್ಟು 7 ಲಕ್ಷ 57 ಸಾವಿರದಷ್ಟಾಗುತ್ತದೆ.

ಆ ಹುಡುಗಿ ತನ್ನಲ್ಲಿ ಉಳಿಯುವ ಐದು ಸಾವಿರವನ್ನೂ ಸೇರಿಸಿ ತಿಂಗಳಿಗೆ 13,704 ಕಟ್ಟುತ್ತಾಳೆ ಎನ್ನಿ. ಸಾಲ 6 ವರ್ಷ 10 ತಿಂಗಳಿಗೆ ತೀರುತ್ತದೆ. ಬಡ್ಡಿ 3 ಲಕ್ಷ 10 ಸಾವಿರಕ್ಕೆ ಇಳಿಯುತ್ತದೆ. ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ ಉಳಿತಾಯ.

"ಆದರೆ ಆ ಐದು ಸಾವಿರ ಬೇರೆ ಕಡೆ ಬೆಳೆಯುತ್ತಿತ್ತಲ್ಲ?" ಎಂದು ಮಗಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಎರಡು ದಾರಿಗಳನ್ನೂ 15 ವರ್ಷದ ಕೊನೆಯವರೆಗೆ ನಡೆಸಿ ನೋಡೋಣ. ಒಂದನೆಯ ದಾರಿಯಲ್ಲಿ ಸಾಲ ತೀರಿದ ಮರು ತಿಂಗಳಿನಿಂದ ಅದೇ 13,704 ರೂಪಾಯಿಯನ್ನು ಉಳಿದ ಎಂಟು ವರ್ಷ ಚಿಲ್ಲರೆ ಹೂಡಬೇಕು. ಎರಡನೆಯ ದಾರಿಯಲ್ಲಿ ಮೊದಲ ತಿಂಗಳಿನಿಂದಲೇ ಐದು ಸಾವಿರದಂತೆ ಹೂಡುತ್ತ, ಸಾಲದ ಕಂತನ್ನು 15 ವರ್ಷ ಕಟ್ಟುತ್ತ ಹೋಗಬೇಕು.

ಭದ್ರವಾದ ಉಳಿತಾಯವನ್ನು ಮೊದಲು ನೋಡಿ. ಪಿಪಿಎಫ್ 2020ರ ಏಪ್ರಿಲಿನಿಂದ ಕೊಡುತ್ತ ಬಂದ ಶೇಕಡಾ 7.1ರ ದರ ಹಿಡಿದರೆ, ಬೇಗ ಸಾಲ ತೀರಿಸಿದವಳ ಕೈಯಲ್ಲಿ ಕೊನೆಗೆ ಸುಮಾರು 18 ಲಕ್ಷ ಇರುತ್ತದೆ. ಸಾಲವನ್ನು ಎಳೆಯುತ್ತ ಹೂಡಿದವಳ ಕೈಯಲ್ಲಿ ಸುಮಾರು 16 ಲಕ್ಷ. ಅಂದರೆ ಠೇವಣಿ, ಪಿಪಿಎಫ್ ಬಿಟ್ಟು ಬೇರೆಡೆ ಹೋಗದವರಿಗೆ ಇಲ್ಲಿ ಚರ್ಚೆಯೇ ಇಲ್ಲ. ಹತ್ತು ಕೊಡಬೇಕಾದ ಕಡೆ ಬಾಕಿ ಇಟ್ಟುಕೊಂಡು ಏಳು ಬರುವ ಕಡೆ ಹಣ ಇಡುವುದು ನಷ್ಟದ ಬಾಬ್ತು. ಮಕ್ಕಳ ಹೆಸರಿನಲ್ಲಿ ಶಿಕ್ಷಣ ಸಾಲ ಇರುವಾಗಲೇ ಪಕ್ಕದ ಬ್ಯಾಂಕಿನಲ್ಲಿ ಠೇವಣಿ ಇಟ್ಟು, "ದುಡ್ಡು ಭದ್ರವಾಗಿದೆ" ಎಂದುಕೊಂಡಿರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಆ ಠೇವಣಿಯ ಬಡ್ಡಿಗೂ ಆದಾಯ ತೆರಿಗೆ ಇದೆ ಎನ್ನುವುದನ್ನು ಅವರು ಮರೆಯಬಾರದು.

ಈಗ ಮಗಳು ಹೇಳಿದ ಹನ್ನೆರಡನ್ನು ನೋಡೋಣ. ಷೇರು ಆಧಾರಿತ ಫಂಡು ಸರಾಸರಿ ಶೇಕಡಾ 12 ಕೊಟ್ಟೇ ಕೊಡುತ್ತದೆ ಎಂದು ಒಪ್ಪಿಕೊಳ್ಳೋಣ. ಒಂದು ಆರ್ಥಿಕ ವರ್ಷದಲ್ಲಿ ಒಂದೂಕಾಲು ಲಕ್ಷ ಮೀರಿದ ದೀರ್ಘಾವಧಿಯ ಲಾಭದ ಮೇಲೆ ಈಗ ಶೇಕಡಾ 12.5 ತೆರಿಗೆ ಇದೆ. ಕೊನೆಗೆ ಒಟ್ಟಿಗೆ ಮಾರಿ ಆ ತೆರಿಗೆ ಕಟ್ಟಿದ ಮೇಲೆ, ಹೂಡಿಕೆಯ ದಾರಿ ಹಿಡಿದವಳಿಗೆ ಸುಮಾರು 23 ಲಕ್ಷ, ಮೊದಲು ಸಾಲ ತೀರಿಸಿದವಳಿಗೆ ಸುಮಾರು ಇಪ್ಪತ್ತೊಂದೂವರೆ ಲಕ್ಷ. ಮಗಳೇ ಗೆದ್ದಳು, ನಿಜ. ಆದರೆ ಎಷ್ಟರಿಂದ ಗೆದ್ದಳು? ಒಂದೂವರೆ ಲಕ್ಷದಿಂದ. ಅದನ್ನು 180 ತಿಂಗಳಿಗೆ ಹಂಚಿದರೆ ತಿಂಗಳಿಗೆ ಎಂಟುನೂರು ರೂಪಾಯಿ ಚಿಲ್ಲರೆ. ಅದೂ ಪೇಟೆ ಹನ್ನೆರಡು ಕೊಟ್ಟರೆ ಮಾತ್ರ. ಹತ್ತು ಕೊಟ್ಟರೆ ತೆರಿಗೆ ಕಳೆದು ಅವಳು ಹಿಂದೆ ಬೀಳುತ್ತಾಳೆ.

ಎಂಟುನೂರು ಚಿಲ್ಲರೆಯ ಆ ಆಸೆಗೆ ಪ್ರತಿಯಾಗಿ ಅವಳು ಹೊರುವುದೇನು? ಹದಿನೈದು ವರ್ಷದ ಸಾಲ, ಹದಿನೈದು ವರ್ಷದ ಅನಿಶ್ಚಿತತೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ ಸುಮಾರು 21 ಸಾವಿರದಲ್ಲಿತ್ತು. 2009ರ ಮಾರ್ಚಿಗೆ ಅದು 8 ಸಾವಿರದ ಆಸುಪಾಸಿಗೆ ಇಳಿಯಿತು. ಆಮೇಲೆ ಏರಿತು, ಕಾದವರಿಗೆ ನಷ್ಟವಾಗಲಿಲ್ಲ. ಆದರೆ ಕಾಯುವುದು ಎಲ್ಲರ ಕೈಯಲ್ಲೂ ಇರುವುದಿಲ್ಲ. ಪೇಟೆ ಕುಸಿಯುವ ಹೊತ್ತೂ ಬೆಂಗಳೂರಿನ ಕಂಪನಿಗಳು ಆಳುಗಳನ್ನು ಬಿಡುವ ಹೊತ್ತೂ ಎಷ್ಟೋ ಸಲ ಒಂದೇ. ಕೆಲಸ ಹೋದ ತಿಂಗಳೂ ಕಂತು ಕಟ್ಟಲೇಬೇಕು. ಆಗ ಅರ್ಧ ಬೆಲೆಗೆ ಇಳಿದ ಹೂಡಿಕೆಯನ್ನು ಮಾರಿ ಪೂರ್ತಿ ಬೆಲೆಯ ಸಾಲ ಕಟ್ಟಬೇಕಾಗುತ್ತದೆ.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸುಲಿದು, ಬೇಯಿಸಿ, ಒಣಗಿಸಿ ಚೀಲ ತುಂಬಿದ ರಾಶಿ ಅಡಿಕೆಯನ್ನು ಮಂಡಿಗೆ ಹಾಕುವುದೋ, ದರ ಏರಲಿ ಎಂದು ಅಟ್ಟದ ಮೇಲೆ ಇಡುವುದೋ ಎನ್ನುವುದು ಪ್ರತಿವರ್ಷದ ಇದೇ ಪ್ರಶ್ನೆ. 2014ರಲ್ಲಿ ದರ ಕಂಡುಕೇಳರಿಯದಷ್ಟು ಏರಿದಾಗ ಇನ್ನೂ ಏರುತ್ತದೆ ಎಂದು ಕಾದವರು, ಮುಂದಿನ ಎರಡು ವರ್ಷ ಅದು ಇಳಿಯುತ್ತ ಹೋದದ್ದನ್ನೂ ನೋಡಿದರು. ಸಾಲವಿಲ್ಲದವನು ಅಡಿಕೆ ಇಟ್ಟುಕೊಂಡು ಕಾಯಬಲ್ಲ. ಮಂಡಿಯಲ್ಲಿ ಸಾಲ ಇರುವವನು ದರ ಬಿದ್ದ ದಿನವೇ ಮಾರಬೇಕಾಗಿ ಬರುತ್ತದೆ. ಷೇರು ಪೇಟೆಯ ಲಾಭವೂ ಹೀಗೆಯೇ ಕಾಯಬಲ್ಲವರಿಗೆ ಸಿಗುವಂಥದ್ದು. ಆದ್ದರಿಂದ ಮೊದಲು ಕಾಯುವ ಶಕ್ತಿ ಸಂಪಾದಿಸಿ, ಆಮೇಲೆ ಪೇಟೆಗೆ ಹೋಗಿ ಎನ್ನುತ್ತೇನೆ.

ಇನ್ನೊಂದು ಅಪಾಯ ಸಾಲದ ಒಳಗೇ ಇದೆ. ನಮ್ಮ ಶಿಕ್ಷಣ ಸಾಲಗಳಲ್ಲಿ ಹೆಚ್ಚಿನವು ಬದಲಾಗುವ ಬಡ್ಡಿಯವು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ ಆರೂವರೆಗೆ ಏರಿಸಿತು. ಹತ್ತು ತಿಂಗಳೊಳಗೆ ಎರಡೂವರೆಯಷ್ಟು ಏರಿಕೆ. ನಾವು ಲೆಕ್ಕಕ್ಕೆ ಹಿಡಿದ ಸಾಲದ ಬಡ್ಡಿ ಹತ್ತರಿಂದ ಹನ್ನೆರಡೂವರೆಗೆ ಏರಿತು, ಕಂತು ಮಾತ್ರ 8,704 ರೂಪಾಯಿಯೇ ಉಳಿಯಿತು ಎನ್ನಿ. ಆಗ ಮೊದಲ ತಿಂಗಳ ಬಡ್ಡಿಯೇ 8,437 ರೂಪಾಯಿ. ಅಸಲಿಗೆ ಸೇರುವುದು 267 ರೂಪಾಯಿ. 15 ವರ್ಷದ ಸಾಲ 28 ವರ್ಷಕ್ಕೆ ಹಿಗ್ಗುತ್ತದೆ! 2025ರಲ್ಲಿ ದರ ಮತ್ತೆ ಇಳಿಯಿತು ಎನ್ನುವುದು ಸಮಾಧಾನದ ಮಾತೇ. ಮುಂದೆ ಏರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಅಮೆರಿಕದಲ್ಲಿರುವ ನಮ್ಮವರು "ಸಾಲ ಬೇಗ ತೀರಿಸಬೇಡ, ಹೂಡು" ಎಂದು ಬುದ್ಧಿ ಹೇಳುವುದುಂಟು. ಅಲ್ಲಿನ ಕೇಂದ್ರ ಸರಕಾರದ ವಿದ್ಯಾರ್ಥಿ ಸಾಲಕ್ಕೆ ಕೊನೆಯವರೆಗೂ ಬದಲಾಗದ ದರ. 2020–21ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅದು ಶೇಕಡಾ 2.75 ಇತ್ತು. ಅಂಥ ಸಾಲಕ್ಕೆ ಅವರ ಮಾತು ಸರಿ. ಹತ್ತರ ಬಡ್ಡಿಯ, ಏರಿಳಿಯುವ ನಮ್ಮ ಸಾಲಕ್ಕೆ ಆ ಮಾತು ಹೊಂದುವುದಿಲ್ಲ.

ತೆರಿಗೆಯ ಮಾತನ್ನೂ ಮುಗಿಸಿಬಿಡೋಣ. ಜನ 80ಇ ಎಂದೇ ಗುರುತಿಸುವ ವಿನಾಯಿತಿಯಲ್ಲಿ, ಶಿಕ್ಷಣ ಸಾಲದ ಬಡ್ಡಿಯನ್ನು ಕಟ್ಟಲು ಶುರುಮಾಡಿದ ವರ್ಷದಿಂದ ಒಟ್ಟು ಎಂಟು ವರ್ಷ ಆದಾಯದಿಂದ ಕಳೆಯಬಹುದು. ಹಳೆಯ ಪದ್ಧತಿಯಲ್ಲಿ ಶೇಕಡಾ 30ರ ತೆರಿಗೆ ಹಂತದಲ್ಲಿರುವವರಿಗೆ ಇದರಿಂದ ಹತ್ತರ ಬಡ್ಡಿ ಏಳರ ಆಸುಪಾಸಿಗೆ ಇಳಿದಂತಾಗುತ್ತದೆ. ಅಂಥವರು ಎಂಟು ವರ್ಷ ಮುಗಿಯುವವರೆಗೆ ಆತುರಪಡದಿದ್ದರೂ ನಡೆಯುತ್ತದೆ. ಆದರೆ ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಅಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಈ ಮಿತಿಯೊಳಗಿನವರು. ಇಲ್ಲದ ತೆರಿಗೆಯನ್ನು ಉಳಿಸಲು ಸಾಲ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಷ್ಟೂ ಅಂಕಿಯ ಮಾತಾಯಿತು. ಅಂಕಿಗೆ ಸಿಕ್ಕದ ಎರಡು ವಿಷಯಗಳಿವೆ. ನನಗೆ ಅವು ಹೆಚ್ಚು ಮುಖ್ಯ.

ಮೊದಲನೆಯದು, ಸಾಲದ ಕಾಗದದಲ್ಲಿ ಮಗಳ ಸಹಿಯ ಜೊತೆಗೆ ತಂದೆ ಅಥವಾ ತಾಯಿಯ ಸಹಿಯೂ ಇರುತ್ತದೆ. ಅವರು ಸಹ ಸಾಲಗಾರರು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನವೂ ಇರುತ್ತದೆ. ಮನೆಯನ್ನೋ ಪೇಟೆಯ ಸೈಟನ್ನೋ, ಬ್ಯಾಂಕು ಒಪ್ಪಿದಲ್ಲಿ ತೋಟವನ್ನೋ ಕೊಟ್ಟಿರುತ್ತಾರೆ. ಜಮೀನು ಕೊಟ್ಟಿದ್ದರೆ ಪಹಣಿಯ ಋಣದ ಕಲಮಿನಲ್ಲಿ ಬ್ಯಾಂಕಿನ ಹೆಸರು, ಸಾಲದ ಮೊತ್ತ ಏರಿ ಕೂತಿರುತ್ತದೆ. ಬೆಂಗಳೂರಿನಲ್ಲಿ ಮೂರು ಕಂತು ತಪ್ಪಿದರೆ ಊರಿನಲ್ಲಿ ತಂದೆಯ ಹೆಸರು ಕೆಡುತ್ತದೆ. ಪಂಪ್‌ಸೆಟ್ಟಿಗೋ ಮನೆ ರಿಪೇರಿಗೋ ಅವರು ಸಾಲ ಕೇಳಿ ಹೋದಾಗ ಆ ಬಾಕಿ ಎದುರಿಗೆ ಬರುತ್ತದೆ. ಇದು ಯಾವ ಮಣ್ಣು ಎನ್ನುವುದನ್ನು ನೆನಪಿಡಿ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಎಷ್ಟೋ ಕುಟುಂಬಗಳ ಹೆಸರಿಗೆ ಮೊದಲ ಬಾರಿ ಪಹಣಿ ಬಂತು. ಅಜ್ಜ ಹೋರಾಡಿ ಪಡೆದ ನೆಲವನ್ನು ಷೇರು ಪೇಟೆಯ ಎರಡು ಪರ್ಸೆಂಟಿನ ಆಸೆಗೆ ಹದಿನೈದು ವರ್ಷ ಅಡವಿಡುವುದು ಸಲ್ಲದು. ಅದರ ಮೇಲೆ, ತೋಟದ ಆದಾಯವನ್ನೇ ನೆಚ್ಚಿಕೊಳ್ಳುವ ಕಾಲವೂ ಇದಲ್ಲ. ಕೊಳೆರೋಗದ ಜೊತೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಹಣ್ಣು ಮಾಡಿದೆ. ಮಗಳ ಕಂತು ತಪ್ಪಿದರೆ ತಂದೆ ತೋಟದಿಂದ ಕಟ್ಟುತ್ತಾರೆ ಎಂಬ ಧೈರ್ಯ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಎರಡನೆಯದು, ಬದುಕನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಹೆಗ್ಗೋಡು ಈ ಮಾತಿಗೆ ಒಳ್ಳೆಯ ಸಾಕ್ಷಿ. ಕೆ.ವಿ. ಸುಬ್ಬಣ್ಣನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದವರು. 1949ರಲ್ಲಿ ಇಲ್ಲಿ ಹುಟ್ಟಿದ್ದ ನೀನಾಸಂ ರಂಗಸಂಸ್ಥೆ ಅವರ ಕಾಲದಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವಾಗಿ, 1985ರಲ್ಲಿ ಊರೂರು ಸುತ್ತುವ 'ತಿರುಗಾಟ' ನಾಟಕ ತಂಡವಾಗಿ ನಾಡಿಗೆಲ್ಲ ಹಬ್ಬಿತು. ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಕೈಮಗ್ಗದ ಬಟ್ಟೆ ನೇಯುವ ಚರಕ ಮಹಿಳಾ ಸಹಕಾರಿ ಸಂಘ ಬೆಳೆಯಿತು. ಓದಿದವರು ಊರಿಗೆ ಬಂದು ನಿಂತಾಗ ಏನೇನು ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಇವತ್ತು ಒಬ್ಬ ತರುಣ ರಂಗಭೂಮಿಗೆ ಬರಬೇಕು, ಕೈಮಗ್ಗದ ಕೆಲಸಕ್ಕೆ ಸೇರಬೇಕು, ತೋಟಕ್ಕೆ ಮರಳಬೇಕು, ಸರಕಾರಿ ಶಾಲೆಯ ಮೇಷ್ಟರಾಗಬೇಕು ಎಂದು ಬಯಸಿದರೆ ಅವನನ್ನು ತಡೆಯುವುದು ಹಲವು ಸಲ ತಿಂಗಳ ಐದನೇ ತಾರೀಕಿನ ಕಂತು. ಮೂವತ್ತನೇ ವಯಸ್ಸಿಗೆ ಸಾಲ ತೀರಿದವನು ಅಂಥ ನಿರ್ಧಾರ ಮಾಡಬಲ್ಲ. ಮೂವತ್ತೆಂಟರವರೆಗೆ ಕಂತು ಇರುವವನಿಗೆ ಆ ಧೈರ್ಯ ಬರುವುದು ಕಷ್ಟ. ಫಂಡಿನ ಯಾವ ಲೆಕ್ಕದಲ್ಲೂ ಈ ಎಂಟು ವರ್ಷಗಳ ಬೆಲೆ ಕಾಣುವುದಿಲ್ಲ.

ಹಾಗಾದರೆ ಬಂದ ಸಂಬಳವನ್ನೆಲ್ಲ ಸಾಲಕ್ಕೇ ಸುರಿಯಬೇಕೇ? ಬೇಡ. ಅದಕ್ಕೊಂದು ಕ್ರಮವಿದೆ.

ಎಲ್ಲಕ್ಕಿಂತ ಮೊದಲು ಆರು ತಿಂಗಳ ಕಂತು ಮತ್ತು ಖರ್ಚಿಗೆ ಸಾಕಾಗುವಷ್ಟು ಹಣ ಬ್ಯಾಂಕಿನಲ್ಲಿ ಇರಲಿ. ಇದು ಬಡ್ಡಿಗಾಗಿ ಇಡುವ ಹಣ ಅಲ್ಲ, ಕಷ್ಟಕಾಲದ ಹಣ. ಇದನ್ನು ಇಡುವ ಜಾಗ ನೋಡಿ ಇಡಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ.

ಎರಡನೆಯದಾಗಿ, ಸಾಲದ ಮೊತ್ತಕ್ಕೆ ಒಂದು ಟರ್ಮ್ ವಿಮೆ ಮಾಡಿಸಿ. ಹೇಳಲು ಸಂಕಟದ ಮಾತು, ಆದರೂ ಹೇಳಬೇಕು. ದುಡಿಯುವ ಮಗುವಿಗೆ ಏನಾದರೂ ಆದರೆ ಸಾಲ ಸಹಿ ಹಾಕಿದ ವಯಸ್ಸಾದ ತಂದೆತಾಯಿಯ ತಲೆಯ ಮೇಲೆ ಬೀಳುತ್ತದೆ. ಎಳೆಯ ವಯಸ್ಸಿನಲ್ಲಿ ಇಂಥ ವಿಮೆಯ ಕಂತು ಕಡಿಮೆ.

ಮೂರನೆಯದಾಗಿ, ಸಾಲಗಳನ್ನು ಬಡ್ಡಿಯ ಪ್ರಕಾರ ಸಾಲಾಗಿ ಬರೆಯಿರಿ. ಕ್ರೆಡಿಟ್ ಕಾರ್ಡಿನ ಬಾಕಿ, ಕೈಸಾಲ, ದುಬಾರಿ ಬಡ್ಡಿಗೆ ಇಟ್ಟ ಬಂಗಾರ ಮೊದಲು ಬಿಡಿಸಿಕೊಳ್ಳಿ. ಶಿಕ್ಷಣ ಸಾಲದ ಸರದಿ ಆಮೇಲೆ. ಸಹಕಾರ ಸಂಘದ 5 ಲಕ್ಷದವರೆಗಿನ ಬೆಳೆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಅದನ್ನು ಗಡುವಿನೊಳಗೆ ಕಟ್ಟಿ, ಆದರೆ ಗಡುವಿಗಿಂತ ಮುಂಚೆ ತೀರಿಸಲು ಹೋಗಬೇಡಿ. ರಾಜ್ಯ ಸರಕಾರದ ನಿಗಮಗಳಿಂದ ಶೇಕಡಾ 2ರ ಬಡ್ಡಿಯ 'ಅರಿವು' ಶಿಕ್ಷಣ ಸಾಲ ಪಡೆದವರಿಗೂ ಇದೇ ಮಾತು. ಆ ಸಾಲವನ್ನು ಕಂತಿನ ಪ್ರಕಾರ ತೀರಿಸುತ್ತ ಉಳಿದ ಹಣವನ್ನು ಧಾರಾಳವಾಗಿ ಹೂಡಿ. ಅಲ್ಲಿ ಮಗಳ ಲೆಕ್ಕವೇ ಸರಿ, ತಂದೆ ಒಪ್ಪಿಕೊಳ್ಳಬೇಕು.

ನಾಲ್ಕನೆಯದಾಗಿ, ಪಿಎಫ್ ಅನ್ನು ಮುಟ್ಟಬೇಡಿ. ಸಂಬಳದಿಂದ ಅದು ಹೇಗೂ ಕಡಿತವಾಗುತ್ತದೆ, ಮಾಲೀಕರ ಪಾಲೂ ಸೇರುತ್ತದೆ. 2024–25ಕ್ಕೆ ಅದರ ಬಡ್ಡಿ ಶೇಕಡಾ 8.25. ಅಂದರೆ ಸಾಲ ತೀರಿಸುವ ವರ್ಷಗಳಲ್ಲೂ ನೀವು ಮುಂದಿನ ಕಾಲಕ್ಕೆ ಕೂಡಿಡುತ್ತಲೇ ಇದ್ದೀರಿ. "ನಾನು ಏನೂ ಹೂಡುತ್ತಿಲ್ಲ" ಎಂಬ ಆತಂಕ ಬೇಡ. ಷೇರು ಪೇಟೆಯ ರೀತಿನೀತಿ ಕಲಿಯಬೇಕು ಎಂಬ ಆಸೆ ಇದ್ದರೆ ತಿಂಗಳಿಗೆ ಐನೂರರ ಒಂದು ಎಸ್‌ಐಪಿ ಮಾಡಿ. ಅದನ್ನು ಕಲಿಕೆಯ ಖರ್ಚು ಎಂದೇ ತಿಳಿಯಿರಿ.

ಇಷ್ಟಾದ ಮೇಲೆ ಉಳಿದದ್ದೆಲ್ಲ ಶಿಕ್ಷಣ ಸಾಲಕ್ಕೆ ಹೋಗಲಿ. ಕಟ್ಟುವಾಗ ನಿಮ್ಮ ಹಕ್ಕುಗಳು ತಿಳಿದಿರಲಿ. ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿಯ ಇಂಥ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಹೆಚ್ಚುವರಿ ಹಣ ಕಟ್ಟಿದಾಗ "ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಇಳಿಸಬೇಡಿ, ಅವಧಿ ಇಳಿಸಿ" ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬಡ್ಡಿ ದರ ಏರಿದಾಗ ಕಂತು ಹೆಚ್ಚಿಸುವುದೋ ಅವಧಿ ಹೆಚ್ಚಿಸುವುದೋ ಎನ್ನುವ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ಆದೇಶವಾಗಿದೆ. ಸಾಧ್ಯವಾದರೆ ಕಂತನ್ನೇ ಹೆಚ್ಚಿಸಿಕೊಳ್ಳಿ. ಸಾಲ ಪೂರ್ತಿ ತೀರಿದ ಮೇಲೆ ಆಸ್ತಿಯ ಮೂಲ ಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಋಣಮುಕ್ತ ಪತ್ರ ಪಡೆದು, ಪಹಣಿಯಲ್ಲಿ ಬ್ಯಾಂಕಿನ ಬೋಜಾ ಇಳಿಸುವವರೆಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಸಾಲ ತೀರಿ ವರ್ಷಗಳಾದರೂ ಪಹಣಿಯಲ್ಲಿ ಅದರ ದಾಖಲೆ ಉಳಿದು, ಪಾಲುಪಟ್ಟಿಯ ಹೊತ್ತಿಗೆ ತೊಂದರೆ ಕೊಡುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಬೇಗ ತೀರಿಸುವ ದಾರಿ ಲಾಭದ್ದಾಗುವುದು ಸಾಲ ಮುಗಿದ ಮರು ತಿಂಗಳಿನಿಂದ ಆ ಮೊತ್ತ ಉಳಿತಾಯಕ್ಕೆ ಹೋದರೆ ಮಾತ್ರ. 13,704 ರೂಪಾಯಿ ಬಿಡುವಾಯಿತು ಎಂದು ಅದೇ ವಾರ ಕಾರಿನ ಸಾಲ ತೆಗೆದರೆ ನಾನು ಹೇಳಿದ ಲೆಕ್ಕವೆಲ್ಲ ವ್ಯರ್ಥ.

ಕೇಳುಗರೆ, ನನ್ನ ಮಾತನ್ನು ಹೀಗೆ ಕೂಡಿಸುತ್ತೇನೆ. ಶೇಕಡಾ ಎಂಟಕ್ಕಿಂತ ಹೆಚ್ಚಿನ ಬಡ್ಡಿಯ ಶಿಕ್ಷಣ ಸಾಲವನ್ನು, ಕಷ್ಟಕಾಲದ ಹಣ ತೆಗೆದಿಟ್ಟು, ಬೇಗ ತೀರಿಸಿ. ಆಸ್ತಿ ಅಡವಿದ್ದರೆ ಇನ್ನೂ ಬೇಗ ತೀರಿಸಿ. ಸರಕಾರದ ನೆರವಿನ ಕಡಿಮೆ ಬಡ್ಡಿಯ ಸಾಲವನ್ನು ಆತುರವಿಲ್ಲದೆ, ತಪ್ಪದೆ ತೀರಿಸಿ. ಈ ದಸರೆಗೋ ದೀಪಾವಳಿಗೋ ಮಕ್ಕಳು ಊರಿಗೆ ಬಂದಾಗ ತಂದೆತಾಯಿ ಮಕ್ಕಳು ಒಟ್ಟಿಗೆ ಕುಳಿತು ಸಾಲದ ಖಾತೆಯ ವಿವರವನ್ನು ತೆರೆದು ನೋಡಿ. ಇವತ್ತಿನ ಬಡ್ಡಿ ದರ ಎಷ್ಟು, ಬಾಕಿ ಎಷ್ಟು, ಇನ್ನೆಷ್ಟು ಕಂತು ಉಳಿದಿದೆ ಎಂಬ ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಮೂರು ಅಂಕಿ ಎದುರಿಗಿಲ್ಲದೆ ಯಾವ ನಿರ್ಧಾರವನ್ನೂ ಮಾಡಬೇಡಿ.